ಕಮ್ಮಿ ಪವರಿನ ಸ್ಕೋಪು

ನನ್ನ ಹತ್ತಿರ ಒಂದು ಬಂದೂಕಿದೆ ಅಂದರೆ ದಯವಿಟ್ಟು ಗಾಬರಿ ಬೀಳಬೇಡಿ. ಅದು ಲೈಸೆನ್ಸು ಕೇಳದ ಏರ್‌ಗನ್ನು. ನಳಿಗೆ ಮಡಿಸಿ, ಒಳಗಿನ ಸ್ಪ್ರಿಂಗು ಬಿಗಿದು, ಹೆಸರುಕಾಳಿನಷ್ಟು ಸೀಸದ ಗುಂಡು ತುರುಕಿ ಹೊಡೆಯುವಂಥದ್ದು. ಇವತ್ತಿನವರೆಗೆ ಅದರಿಂದ ಒಂದು ಗುಬ್ಬಚ್ಚಿಗೂ ನೋವಾಗಿಲ್ಲ. ನನ್ನ ಗುರಿಗೆ ಬಲಿಯಾದದ್ದೆಲ್ಲ ತೆಂಗಿನ ಚಿಪ್ಪು. ಮದುವೆಮನೆಗಳಲ್ಲಿ ನನ್ನ ಹೆಂಡತಿ ಶಾರದ, "ನಮ್ಮನೆಯವ್ರು ಭಾರೀ ಬೇಟೆಗಾರ್ರು ಕಣ್ರೀ, ನಾನು ಚಟ್ನಿಗೆ ತುರಿದು ಮಿಕ್ಕಿದ್ದನ್ನೆಲ್ಲ ಹೊಡೆದು ಹಾಕ್ತಾರೆ" ಎಂದು ನನ್ನನ್ನು ಪರಿಚಯ ಮಾಡಿಸುತ್ತಾಳೆ. ನಾನೂ ಹಲ್ಲು ಕಿರಿದು ನಿಲ್ಲುತ್ತೇನೆ.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಕ್ಯಾತ್ಸಂದ್ರದಲ್ಲಿ. ವಾರವೆಲ್ಲ ಭಿನ್ನರಾಶಿ, ಬೀಜಗಣಿತ ಎಂದು ಗಂಟಲು ಹರಿದುಕೊಂಡು, ಶನಿವಾರ ಮಧ್ಯಾಹ್ನ ಗುಬ್ಬಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಚೇಳೂರಿನ ಹತ್ತಿರದ ನಮ್ಮ ತೋಟಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ತಮ್ಮ ಲೋಕೇಶನ ಸಂಸಾರವೂ ನಮ್ಮ ಅವ್ವನೂ ಇದ್ದಾರೆ. ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಚಿಪ್ಪುಗಳನ್ನು ತೂಗುಬಿಟ್ಟು, ಹಿಂದೆ ಮಣ್ಣಿನ ಬದು ಇದೆಯೇ ಎಂದು ನೋಡಿಕೊಂಡು, ಚಾಪೆಯ ಮೇಲೆ ಮಕಾಡೆ ಮಲಗಿ ಹೊಡೆಯುವುದು. ಗುಂಡು ತಗುಲಿದ ಚಿಪ್ಪು 'ಟಣ್' ಎಂದು ಗಿರ್ರನೆ ತಿರುಗುತ್ತದೆ. ಆ ಸದ್ದು ಕೇಳಿದರೆ ಒಂಬತ್ತನೇ ಕ್ಲಾಸಿನ ಅಷ್ಟೂ ಉತ್ತರಪತ್ರಿಕೆಗಳನ್ನು ಕ್ಷಮಿಸಿಬಿಡೋಣ ಅನ್ನಿಸುತ್ತದೆ.

ಐವತ್ತು ದಾಟಿದ್ದೇ ತಡ, ಚಿಪ್ಪುಗಳು ಬದುಕಿಕೊಳ್ಳತೊಡಗಿದವು. ಬಂದೂಕಿನ ಹಿಂಭಾಗದಲ್ಲೊಂದು ಕಚ್ಚು, ತುದಿಯಲ್ಲೊಂದು ಮೊಳೆ, ಆಚೆಗೆ ಗುರಿ. ಈ ಮೂರೂ ಒಂದೇ ಗೆರೆಗೆ ಬರಬೇಕು. ಮನೆಗೆ ಒಟ್ಟಿಗೆ ಬಂದ ಮೂವರು ಬೀಗರ ಹಾಗೆ, ಒಬ್ಬರನ್ನು ಮಾತಾಡಿಸಿದರೆ ಇನ್ನಿಬ್ಬರು ಮುಖ ಊದಿಸಿಕೊಳ್ಳುತ್ತಿದ್ದರು. ಮೊಳೆ ಕಂಡರೆ ಚಿಪ್ಪು ಮಂಜು, ಚಿಪ್ಪು ಕಂಡರೆ ಕಚ್ಚು ಮಾಯ. ಹೀಗೆ ನನ್ನ ತಲೆಗೆ ಸ್ಕೋಪಿನ ಹುಚ್ಚು ಹತ್ತಿತು. ಬಂದೂಕಿನ ಬೆನ್ನ ಮೇಲೆ ಕೂರಿಸುವ ಚಿಕ್ಕ ದುರ್ಬೀನಿಗೆ ಸ್ಕೋಪು ಅನ್ನುತ್ತಾರೆ. ಅದರೊಳಗೆ ಸಂಕಲನದ ಗುರುತಿನಂಥ ಒಂದು ಕೂಡುಗೆರೆ ಇರುತ್ತದೆ. ಗೆರೆ, ಗುರಿ ಎರಡೂ ಒಂದೇ ದೂರದಲ್ಲಿರುವಂತೆ ಕಾಣುವುದರಿಂದ ಮುದಿಗಣ್ಣಿಗೆ ಮೂವರ ಕಾಟ ತಪ್ಪುತ್ತದೆ.

ಕಣ್ಣಿನ ತಾಪತ್ರಯ ನನ್ನೊಬ್ಬನದೇ ಆಗಿದ್ದರೆ ಇದು ಚಿಪ್ಪಿನ ಕತೆಯಾಗಿಯೇ ಮುಗಿಯುತ್ತಿತ್ತು. ಆ ವರ್ಷದ ಗಣೇಶನ ಚೌತಿಗೆ ಊರಿಗೆ ಹೋಗಿದ್ದೆ. ಸಂಜೆ ಮನೆಯವರೆಲ್ಲ ಚಂದ್ರನನ್ನು ನೋಡಿಬಿಟ್ಟೇವು ಎಂದು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದರೆ, ಅವ್ವ ಮಾತ್ರ ಜಗಲಿಯ ಮೇಲೆ ಆಕಾಶಕ್ಕೆ ಮುಖ ಮಾಡಿ ಆರಾಮವಾಗಿ ಎಲೆ ಅಡಿಕೆ ಹಾಕುತ್ತಿದ್ದಳು.

"ಒಳಗ್ ಬಾ ಅವ್ವ, ಚಂದ್ರ ಕಾಣ್ತಾನೆ" ಅಂದೆ.

"ನೋಡಬಾರದ ಚಂದ್ರನ್ನ ನೋಡಬ್ಯಾಡ ಅಂತೀಯಾ. ನಂಗೆ ನೋಡಬೇಕಾಗಿದ್ದ ಚಂದ್ರನೇ ಕಾಣ್ಲಿಲ್ಲ ಕಣೋ" ಅಂದಳು.

ಯುಗಾದಿಯ ಚಂದ್ರನ ಮಾತು ಅದು. ನಮ್ಮ ಕಡೆ ಹಬ್ಬದ ಮಾರನೇ ದಿನ ಸಂಜೆ ಹೊಸ ವರ್ಷದ ಚಂದ್ರನನ್ನು ನೋಡದೆ ಯಾರೂ ತಟ್ಟೆ ಮುಂದೆ ಕೂರುವುದಿಲ್ಲ. ಪಡುವಣದಲ್ಲಿ, ಹೊತ್ತು ಮುಳುಗಿದ ಮೇಲೆ, ಉಗುರು ಕತ್ತರಿಸಿ ಬಿಸಾಕಿದಷ್ಟು ತೆಳ್ಳಗೆ ಕಾಣುತ್ತಾನೆ. ಕಂಡ ಅನ್ನುವಷ್ಟರಲ್ಲಿ ಮುಳುಗುತ್ತಾನೆ. ಕಂಡವರು ಕೈ ಮುಗಿದು ಹಿರಿಯರ ಕಾಲಿಗೆ ಬೀಳುತ್ತಾರೆ. ಅವ್ವನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದರ ನರ ಸೊರಗಿದೆ ಎಂದು ಡಾಕ್ಟರು ಕೈಬಿಟ್ಟಿದ್ದಾರೆ. ಅಕ್ಕಿಯಲ್ಲಿನ ಕಲ್ಲು ಕಾಣುತ್ತದೆ, ಸೊಸೆ ಸೀರೆಯ ಕಲೆ ಕಾಣುತ್ತದೆ, ಸಂಜೆ ಬೆಳಕಿನಲ್ಲಿ ಕರಗಿದ ಎಳೆ ಚಂದ್ರ ಮಾತ್ರ ಕಾಣುವುದಿಲ್ಲ. ಕಳೆದ ಯುಗಾದಿಯಲ್ಲಿ ಎಲ್ಲರೂ "ಅಗೋ, ಅಗೋ" ಎಂದು ತೋರಿಸಿದಾಗ ತಾನೂ ಕೈ ಮುಗಿದು "ಕಾಣ್ತು ಕಾಣ್ತು" ಅಂದಿದ್ದಳಂತೆ.

"ಅದಕ್ಕೇನಂತೆ ಬಿಡವ್ವ" ಅಂದೆ.

"ಅದಕ್ಕೇನಂತೆ ಅಂದ್ರೆ? ಯುಗಾದಿ ಚಂದ್ರನ್ನ ಕಾಣ್ದೋರು ಇನ್ನೊಂದು ಯುಗಾದಿ ಕಾಣಕಿಲ್ಲ ಅಂತ ನಮ್ಮತ್ತೆ ಹೇಳೋರು."

ನಾನು ಸುಮ್ಮನಿರಬೇಕಿತ್ತು. ಮೇಷ್ಟ್ರು ಜಾತಿ, ಸುಮ್ಮನಿರುವುದು ಹೇಗೆ? ಮೋಡ ಮುಚ್ಚಿದ ವರ್ಷ ಊರಿಗೆ ಊರೇ ಚಂದ್ರನನ್ನು ನೋಡಲಿಲ್ಲವಲ್ಲ, ಊರಿಗೆ ಊರೇ ಖಾಲಿಯಾಯಿತೇ ಎಂದು ತರ್ಕ ಹೂಡಿದೆ. ಅವ್ವ ಎಲೆಯ ತೊಟ್ಟು ಮುರಿಯುತ್ತಾ, "ಮೋಡ ಮುಚ್ಚಿದ್ರೆ ಅದು ಚಂದ್ರನ ತಪ್ಪು ಕಣ್ಲಾ. ಅವ್ನು ಬಂದು ನಿಂತೂ ನಮಗೆ ಕಾಣ್ಲಿಲ್ಲ ಅಂದ್ರೆ, ನಮ್ ಟೈಮ್ ಆಯ್ತು ಅಂತ" ಅಂದಳು. ನಗುತ್ತಲೇ ಅಂದಳು. ಆದರೆ ಆ ನಗು ನನಗೆ ಸರಿಬೀಳಲಿಲ್ಲ. ಸ್ಕೋಪು ಬರಲಿ, ಬರುವ ಯುಗಾದಿಗೆ ಇವಳಿಗೆ ಚಂದ್ರನನ್ನು ತೋರಿಸಿಯೇ ತೀರುತ್ತೇನೆ ಎಂದು ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಸ್ಕೋಪು ಆರಿಸುವುದೂ ಗಂಡು ಹುಡುಕುವುದೂ ಒಂದೇ. ಕಟ್ಟಿಕೊಂಡು ಬಾಳುವವರನ್ನು ಬಿಟ್ಟು ಉಳಿದವರೆಲ್ಲ ಬುದ್ಧಿ ಹೇಳುತ್ತಾರೆ. ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು ರಂಗಸ್ವಾಮಿ ಕುಣಿಗಲ್ಲಿನವರು. ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಾರೆ. ಕುದುರೆ ಫಾರಮ್ಮಿನ ಊರಿನವರಾದ್ದರಿಂದಲೋ ಏನೋ, ಯಾವ ವಿಷಯ ತೆಗೆದರೂ ಹತ್ತಿ ಸವಾರಿ ಮಾಡದೆ ಬಿಡುವವರಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ನನ್ನ ಫೋನಿನಲ್ಲಿದ್ದ ಸ್ಕೋಪುಗಳನ್ನೆಲ್ಲ ನೋಡಿದರು. ಹೆಚ್ಚಿನವು ಉಂಗುರ ತಿರುಗಿಸಿದರೆ ಪವರು ಏರಿಳಿಯುವಂಥವು. ಒಂದರಿಂದ ನಾಲ್ಕು, ಎರಡರಿಂದ ಏಳು, ನಾಲ್ಕರಿಂದ ಹದಿನಾರು, ಹೀಗೆ. ಎಷ್ಟು ಪವರೋ ಅಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ.

"ತಗೊಳೋದ್ ತಗೊತೀರಿ, ದೊಡ್ದೇ ತಗೊಳಿ ಸಾ" ಅಂದರು ರಂಗಸ್ವಾಮಿ. "ಇದ್ರೆ ಕಮ್ಮಿ ಮಾಡ್ಕಬೋದು. ಇಲ್ದೇ ಇರೋದ್ನ ಎಲ್ಲಿಂದ ತರ್ತೀರಿ?"

ಈ ತರ್ಕಕ್ಕೆ ಎದುರಾಡುವ ಶಕ್ತಿ ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇಲ್ಲ. ನಾವೆಲ್ಲ 'ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದಿರಲಿ' ಅನ್ನುವ ಚಡ್ಡಿಯೊಳಗೆ ಬೆಳೆದವರು. ಆ ಚಡ್ಡಿ ಸರಿಹೋಗುವ ಹೊತ್ತಿಗೆ ಹರಿದು ಹೋಗಿರುತ್ತಿತ್ತು. ಸರಿಯಾದ ಅಳತೆಯ ಚಡ್ಡಿ ನಾನು ಹಾಕಿದ್ದೇ ಇಲ್ಲ. ಹಂಡೆ ದೊಡ್ಡದಿರಲಿ, ಮೋಟಾರು ದೊಡ್ಡದಿರಲಿ, ಚಪ್ಪರ ದೊಡ್ಡದಿರಲಿ. ಹದಿನಾರು ನಾಲ್ಕಕ್ಕಿಂತ ದೊಡ್ಡದು ಎಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವ ನಾನು ಹದಿನಾರನ್ನೇ ತರಿಸಿದೆ.

ಬಂದದ್ದು ನೋಡಿದರೆ ಬೋರ್‌ವೆಲ್ಲಿನ ಪೈಪಿನ ತುಂಡು. ಮೊದಲು ತಾರಸಿಗೆ ಒಯ್ದು ಊರಾಚೆಯ ಬೆಟ್ಟದ ಕಡೆ ತಿರುಗಿಸಿದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಆ ಗಾದೆ ಅಲ್ಲೇ ಸತ್ತುಬಿತ್ತು. ಬಂಡೆಯ ಬಿರುಕು, ಪೊದೆಯ ಮುಳ್ಳು, ಮುಳ್ಳಿಗೆ ಸಿಕ್ಕಿಕೊಂಡ ಯಾರೋ ತಿಂದೆಸೆದ ಕುರುಕಲಿನ ಕವರು, ಎಲ್ಲ ಕಂಡವು. ಖುಷಿಗೆ ಶಾರದಳನ್ನು ಕೂಗಿದೆ. ಅವಳು ಬಂದು ಕಣ್ಣಿಟ್ಟು, "ಮನೆ ಮುಂದಿನ ಕಸ ಕಾಣಲ್ಲ ನಿಮಗೆ, ಬೆಟ್ಟದ ಮೇಲಿಂದು ಕಾಣ್ತದೆ" ಎಂದು ಇಳಿದು ಹೋದಳು.

ತೋಟದಲ್ಲಿ ಮಾನ ಹೋಯಿತು. ತೆಂಗಿನ ತೋಟ ಅಂದರೆ ಗೊತ್ತಲ್ಲ, ಸಾಲಾಗಿ ಸಮದೂರಕ್ಕೆ ನೆಟ್ಟ, ಒಂದರಂತೆಯೇ ಇನ್ನೊಂದಿರುವ ಮರಗಳು. ಸ್ಕೋಪಿನೊಳಗೆ ಒಂದು ಕಟ್ಟಿರುವೆ ಎಮ್ಮೆಯಷ್ಟು ದಪ್ಪಗೆ ಕಂಡಿತು. ಅದು ಯಾವ ಮರದ್ದು ಎಂದು ದೇವರಾಣೆ ಗೊತ್ತಾಗಲಿಲ್ಲ. ಚಿಪ್ಪು ಹುಡುಕುತ್ತಾ ಹುಡುಕುತ್ತಾ ತೊಗಟೆಯಿಂದ ತೊಗಟೆಗೆ ಅಲೆದೆ. ಸಿಕ್ಕಿತು ಅನ್ನುವಷ್ಟರಲ್ಲಿ ನನ್ನದೇ ಉಸಿರಿಗೆ ಇಡೀ ತೋಟ ತೊಟ್ಟಿಲ ಹಾಗೆ ತೂಗಿ, ಚಿಪ್ಪು ಮತ್ತೆ ಪರಾರಿ. ಕೊನೆಗೆ ಗುಂಡು ಹಾರಿಸಿದಾಗ 'ಟಣ್' ಎಂದು ಸದ್ದೇನೋ ಬಂತು, ಲೋಕೇಶನ ಸ್ಪ್ರಿಂಕ್ಲರಿನ ಪೈಪಿನಿಂದ. ಸಂಜೆ ಸ್ಕೋಪು ಬಿಚ್ಚಿಕೊಂಡು ಅವ್ವನಿಗೆ ಆಗಸದಲ್ಲಿದ್ದ ಅರ್ಧ ಚಂದ್ರನನ್ನು ತೋರಿಸಲು ಹೋದೆ. ಅವ್ವ ಪಾಪ, ತಾಳ್ಮೆಯಿಂದ ಅತ್ತ ಇತ್ತ ಹೊರಳಿಸಿ, "ಏನೂ ಇಲ್ಲ ಕಣ್ಲಾ, ಬರೀ ಕಪ್ಪಗೈತೆ. ಬಾವಿ ಬಗ್ಗಿ ನೋಡ್ದಂಗಾಯ್ತದೆ" ಅಂದಳು. ಅಷ್ಟು ದೊಡ್ಡ ಚಂದ್ರನೇ ಸಿಗದಿದ್ದ ಮೇಲೆ ಯುಗಾದಿಯ ಎಳೆ ಎಲ್ಲಿ ಸಿಗಬೇಕು?

ಎರಡು ತಿಂಗಳಾಗುವಷ್ಟರಲ್ಲಿ ಆ ಸ್ಕೋಪು ಸತ್ತೂ ಹೋಯಿತು. ಅದರ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ದೊಡ್ಡ ಕೋವಿಗಳು ಹಿಂದಕ್ಕೆ ಮಾತ್ರ ಒದೆಯುತ್ತವೆ. ಈ ಬಡಪಾಯಿ ಸ್ಪ್ರಿಂಗಿನ ಬಂದೂಕು ಮೊದಲು ಹಿಂದಕ್ಕೆ ಒದ್ದು, ಮರುಕ್ಷಣವೇ ಮುಂದಕ್ಕೂ ಒದೆಯುತ್ತದೆ. ಹೊಡೆತ ತಡೆಯುವ ಸ್ಕೋಪಿಗೂ ಈ ಎಳೆದಾಟ ತಡೆಯುವುದಿಲ್ಲವಂತೆ. ಮೊದಲು ಕೂಡುಗೆರೆ ಸೊಟ್ಟಗಾಯಿತು, ಆಮೇಲೆ ಒಳಗೆ ಏನೋ ಕಳಚಿತು. ಲೋಕೇಶ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಮ್ಮಲ್ಲಿ ಅಟ್ಟದ ಮೇಲೆ ಒಣಗಿಸಿದ ಕಾಯಿಯನ್ನು ಹಾಗೇ ಪರೀಕ್ಷೆ ಮಾಡುವುದು; ಒಳಗೆ ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಅಂತ.

"ಅಣ್ಣ, ಕೊಬ್ಬರಿ ಆಗೈತೆ. ಸುಲೀಬೋದು" ಅಂದ.

ಎರಡನೇ ಸಲ ನಾನು ರಂಗಸ್ವಾಮಿಗಳಿಗೆ ಹೇಳದೆ ಆರಿಸಿದೆ. ಚಳಿಗಾಲದ ಸಂಜೆಗಳಲ್ಲೆಲ್ಲ ಅದೇ ಕೆಲಸ. ಬೇಕಾದದ್ದು ಎರಡೇ: ಈ ಎರಡು ಕಡೆಯ ಒದೆ ತಡೆಯಬೇಕು, ಪವರು ಕಮ್ಮಿ ಇರಬೇಕು. ಸಿಕ್ಕಿದ್ದು ಒಂದರಿಂದ ನಾಲ್ಕರದ್ದು. ಒಂದರಲ್ಲಿ ಇಟ್ಟರೆ ಏನೂ ದೊಡ್ಡದಾಗುವುದಿಲ್ಲ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. "ಒಂದು ಪವರ್ ಅಂದ್ರೆ ಬರಿಗಣ್ಣೇ ಅಲ್ವಾ ಸಾ? ಅದಕ್ಕೊಂದು ಪೈಪ್ ಯಾಕೆ?" ಎಂದು ರಂಗಸ್ವಾಮಿಗಳು ಸ್ಟಾಫ್ ರೂಮಿಗೆಲ್ಲ ಕೇಳುವ ಹಾಗೆ ನಕ್ಕರು. ನನಗೆ ಕೋಪ ಬಂತು. ಒಂದರ ಮಗ್ಗಿಯನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ. ಮಕ್ಕಳೂ ಅದನ್ನು ಕಲಿಯದೇ ಎರಡಕ್ಕೆ ಹಾರುತ್ತವೆ. ಆದರೆ ಯಾವ ಸಂಖ್ಯೆಯನ್ನೂ ಕೆಡಿಸದೆ, ಇದ್ದದ್ದನ್ನು ಇದ್ದ ಹಾಗೇ ವಾಪಸು ಕೊಡುವ ಸಂಖ್ಯೆ ಅದೊಂದೇ. ಸ್ಕೋಪಿನಲ್ಲೂ ಹಾಗೇ. ಎರಡು ಕಣ್ಣನ್ನೂ ತೆರೆದುಕೊಂಡೇ ನೋಡಬಹುದು. ತೋಟ ತೋಟದ ಹಾಗೇ ಇರುತ್ತದೆ, ಮರ ಎಲ್ಲಿತ್ತೋ ಅಲ್ಲೇ ಇರುತ್ತದೆ, ನಡುವೆ ಒಂದು ಸಣ್ಣ ಗೆರೆ ಬಂದು ಕೂತಿರುತ್ತದೆ ಅಷ್ಟೆ. ಮೊದಲು ಎಲ್ಲಿದೆ ಎಂದು ಕಂಡುಕೊಂಡು, ಆಮೇಲೆ ಉಂಗುರ ತಿರುಗಿಸಿ ಹತ್ತಿರ ಕರೆದುಕೊಳ್ಳಬಹುದು. ನಾಲ್ಕು ಪಟ್ಟಿಗಿಂತ ಹೆಚ್ಚು ಹತ್ತಿರ ಹೋಗಿ ಚಿಪ್ಪಿನ ಜೊತೆ ಮಾಡುವುದಾದರೂ ಏನಿದೆ?

ಮೋಟು ಸ್ಕೋಪು, ಮುದ್ದೆ ತಿರುವುವ ಕೋಲು ಮುರಿದಿಟ್ಟ ಹಾಗಿತ್ತು. ಮೊದಲ ದಿನವೇ ಗುಬ್ಬಿ ದಾಟಿ ಒಂದು ಹಂಪ್ಸಿನಲ್ಲಿ ಬಸ್ಸು ಕುಪ್ಪಳಿಸಿ, ಸ್ಕೋಪಿದ್ದ ಚೀಲ ಮೇಲಿನಿಂದ ಕೆಳಕ್ಕೆ ಬಿತ್ತು. ನನ್ನ ಎದೆಯೂ ಜೊತೆಗೇ ಬಿತ್ತು. ತೋಟಕ್ಕೆ ಹೋಗಿ ಕೂರಿಸಿ ನೋಡಿದರೆ ಗೆರೆ ಗೆರೆಯಾಗಿಯೇ ಇದೆ. ವಾರ ವಾರವೂ ಬಂದೂಕು ಒದೆಯಿತು, ಅದು ಒದೆಸಿಕೊಂಡಿತು, ಚಿಪ್ಪುಗಳು ಮತ್ತೆ ಟಣ್ಣೆಂದವು. ಲೋಕೇಶ ಒಂದೆರಡು ಸಲ ಅಲ್ಲಾಡಿಸಿ ನೋಡಿ, "ಇದಿನ್ನೂ ಎಳನೀರು ಕಣಣ್ಣ" ಅಂದ. ನಾನು ಯುಗಾದಿಗೆ ಕಾದೆ.

ಹಬ್ಬದ ದಿನ ಬೇವುಬೆಲ್ಲ, ಹೋಳಿಗೆ ಎಲ್ಲ ಆಯಿತು. ಮಾರನೇ ದಿನ ಹೊಸ್ತೊಡಕು. ಬೆಳಗಿನಿಂದ ಮಟನ್ನಿನ ಮಸಾಲೆಯ ಘಮಲು ತೋಟ ತುಂಬಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಇನ್ನು ಚಂದ್ರನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅವ್ವ ಮಧ್ಯಾಹ್ನದಿಂದಲೇ ಮಾತು ಕಡಿಮೆ ಮಾಡಿದಳು. ಹೊತ್ತು ಪೂರ್ತಿ ಮುಳುಗಿದ ಮೇಲೆ ಎಲ್ಲರೂ ಪಡುವಣ ಕಡೆಯ ಕಣದಲ್ಲಿ ಸೇರಿದೆವು. ಲೋಕೇಶನೇ ಮೊದಲು ಕಂಡ. "ಅಗೋ, ಆ ಮರದ ಸುಳಿಯ ಎಡಕ್ಕೆ!" ಅಂದ. ಶಾರದ ಕಂಡಳು, ಅಕ್ಕಪಕ್ಕದ ತೋಟದವರು ಕಂಡರು, ಆಗಲೇ ಕೊಂಬಿನ ಜಗಳ ಶುರುವಾಯಿತು. ಎಳೆ ಚಂದ್ರನ ಯಾವ ಕೊಂಬು ಎತ್ತರವಿದೆ ಎಂದು ನೋಡಿ ವರ್ಷದ ಮಳೆ ಹೇಳುವುದು ನಮ್ಮ ಕಡೆ ರೂಢಿ. ಒಬ್ಬರು ಬಡಗಲದ್ದು ಅಂದರೆ ಇನ್ನೊಬ್ಬರು ತೆಂಕಲದ್ದು ಅನ್ನುತ್ತಿದ್ದರು. ಅವ್ವ ಹಿಂದೆ ಕಲ್ಲಿನ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದಳು.

ನಾನು ಗೆದ್ದವನ ಗತ್ತಿನಲ್ಲಿ ಒಳಗಿನಿಂದ ಬಂದೂಕು ತಂದೆ, ಸ್ಕೋಪಿನ ಸಮೇತ.

ಅವ್ವ ಹೌಹಾರಿದಳು. "ಥೂ ನಿನ್ನ! ವರ್ಷಕ್ಕೊಂದ್ಸಲ ಬರೋ ದೇವ್ರಿಗೆ ಬಂದೂಕ ಗುರಿ ಹಿಡಿಯಾದೇನ್ಲಾ? ನೋಡ್ದೆ ಸತ್ರೂ ಚಿಂತಿಲ್ಲ, ನಾ ಹಂಗ್ ನೋಡಕಿಲ್ಲ."

ಅಷ್ಟೆಲ್ಲ ಓದಿದ್ದೆ, ಇದೊಂದು ನನ್ನ ತಲೆಗೆ ಬಂದಿರಲಿಲ್ಲ. ಸ್ಕೋಪು ಬಿಚ್ಚಬೇಕು. ಬಿಚ್ಚುವ ಕೀಲಿ ಎಲ್ಲಿ? ಮಸಾಲೆ ಡಬ್ಬಿಯ ಪಕ್ಕದಲ್ಲಿ ನಾನೇ ಭದ್ರವಾಗಿ ಇಟ್ಟಿದ್ದೆನಂತೆ, ಶಾರದ ತಂದುಕೊಟ್ಟಳು. ಬಿಗಿಯಾಗಿರಲಿ ಎಂದು ಮೈಯೆಲ್ಲ ಬಲ ಹಾಕಿ ತಿರುಪಿದ್ದ ಸ್ಕ್ರೂಗಳು ಈಗ ಜಪ್ಪಯ್ಯ ಅಂದರೂ ಬರಲೊಲ್ಲವು. ಅತ್ತ ಚಂದ್ರ ಜಾರುತ್ತಿದ್ದಾನೆ, ಇತ್ತ ನನ್ನ ಬೆರಳು ಜಾರುತ್ತಿದೆ. "ಬೇಗ ಅಣ್ಣ, ಗರಿಗೆ ಬರ್ತಾವ್ನೆ" ಎಂದು ಲೋಕೇಶ. ಕೊನೆಗೂ ಬಿಚ್ಚಿಕೊಂಡು ಅವ್ವನ ಕೈಗೆ ಕೊಟ್ಟರೆ ಅದು ಅವಳ ಕೈಯಲ್ಲಿ ನೆಟ್ಟಗೆ ನಿಲ್ಲಲೊಲ್ಲದು. ನಾನು ಅವಳ ಮುಂದೆ ಮಂಡಿಯೂರಿ, ಅವಳಿಗೆ ಎದುರಾಗಿ ಕೂತೆ. ಸ್ಕೋಪನ್ನು ನನ್ನ ಹೆಗಲ ಮೇಲೆ ಊರಿಸಿದೆ. ಕಣ್ಣನ್ನು ಗಾಜಿಗೆ ಅಂಟಿಸಿದರೆ ಕತ್ತಲೆ. ಅಂಗೈ ಅಗಲದಷ್ಟು ದೂರವಿರಬೇಕು. ಅವಳ ಕಣ್ಣು ನೋಡಿಕೊಂಡೇ ಹಿಂದೆ ಮುಂದೆ ಸರಿಸಬೇಕಿತ್ತು, ಅವಳ ಕಣ್ಣಿಗೆ ಹೊಂದುವ ಹಾಗೆ ಹಿಂದಿನ ಉಂಗುರವನ್ನೂ ತಿರುಗಿಸಬೇಕಿತ್ತು.

ಒಂದರಲ್ಲಿಟ್ಟೆ.

"ಏನ್ ಕಾಣ್ತದವ್ವ?"

"ನಮ್ ತೋಟ."

"ಮರದ ಸುಳಿ?"

"ಐತೆ."

"ಎಡಕ್ಕೆ ಬಾ, ನಿಧಾನಕ್ಕೆ" ಎಂದು ಲೋಕೇಶ ಅವಳ ಬೆನ್ನ ಹಿಂದಿನಿಂದ ಹೇಳಿದ.

ನಾನು ಉಂಗುರವನ್ನು ನಾಲ್ಕರ ಕಡೆಗೆ ಮೆಲ್ಲಗೆ ತಿರುಗಿಸುತ್ತಾ ಹೋದೆ. ಉಸಿರು ಬಿಗಿಹಿಡಿದಿದ್ದೆ, ಹೆಗಲು ಅಲುಗಬಾರದಲ್ಲ. ಅವ್ವನ ಹುಬ್ಬು ಗಂಟಿಕ್ಕಿತು, ಬಿಚ್ಚಿತು, ಮತ್ತೆ ಗಂಟಿಕ್ಕಿತು. ಆಮೇಲೆ ಬಾಯಿ ತಾನೇ ತಾನಾಗಿ ತೆರೆದುಕೊಂಡಿತು.

"ಅಯ್ಯೋ ಸಿವನೇ! ಬಂದವ್ನೆ ಕಣ್ರೋ" ಅಂದಳು. "ಕುಡಗೋಲಂಗವ್ನೆ. ಬಡಗಲ ಕೊಂಬು ಒಂದೆಳೆ ಎತ್ತರ. ಮಳೆಗೆ ಮೋಸ ಇಲ್ಲ."

ಜಗಳ ಅಲ್ಲಿಗೆ ಬರಖಾಸ್ತಾಯಿತು. ಅವ್ವ ಮಾತ್ರ ಕಣ್ಣು ತೆಗೆಯಲೊಲ್ಲಳು. ಲೋಕೇಶನ ಹೆಂಡತಿ ಬಂದು "ಸಾರು ಆರ್ತದೆ ಅತ್ತೆ" ಅಂದಳು. ಶಾರದ "ಪಾಪ ಅವರ ಮಂಡಿ ನೋಯ್ತದೆ" ಅಂದಳು, ನಿಜಕ್ಕೂ ನೋಯುತ್ತಿತ್ತು. ಅವ್ವ "ತಡೀರೇ, ಇರಿ" ಅನ್ನುತ್ತಾ ತುಟಿ ಅಲ್ಲಾಡಿಸಿಕೊಂಡು, ಚಂದ್ರ ಗರಿಗಳ ಹಿಂದೆ ಇಳಿದು ಹೋಗುವವರೆಗೂ ನೋಡಿದಳು. ಆಮೇಲೆ ಸ್ಕೋಪಿಗೂ ಒಮ್ಮೆ ಕೈ ಮುಗಿದು ನನಗೆ ಕೊಟ್ಟಳು. ಎಲ್ಲರೂ ಸಾಲಾಗಿ ಬಂದು ಅವಳ ಕಾಲಿಗೆ ಬಿದ್ದರು. ಕೊನೆಗೆ ನಾನೂ ಬಗ್ಗಿದೆ. ಅವಳ ಕೈ ನನ್ನ ತಲೆಯ ಮೇಲೆ ಬಂದದ್ದು ಅರ್ಧಕ್ಕೇ ನಿಂತಿತು.

"ನೀನು ನೋಡ್ದೇನ್ಲಾ?"

ತಿರುಗಿ ನೋಡಿದೆ. ತೋಟದ ಆಚೆ ಬರೀ ಕೆಂಪು ಉಳಿದಿತ್ತು. ಮೊದಲು ಬಂದೂಕು ತರಲು ಒಳಗೆ ಹೋಗಿದ್ದೆ, ಆಮೇಲೆ ಸ್ಕ್ರೂ, ಆಮೇಲೆ ಅಷ್ಟು ಹೊತ್ತೂ ಚಂದ್ರನಿಗೆ ಬೆನ್ನು ಹಾಕಿ ಕೂತಿದ್ದೆ.

"ಇಲ್ಲವ್ವ" ಅಂದೆ.

ಚೌತಿಯ ದಿನ ಅಷ್ಟೆಲ್ಲ ತರ್ಕ ಹೂಡಿದ್ದ ಮೇಷ್ಟ್ರಿಗೆ ಎದೆಯಲ್ಲಿ ಸಣ್ಣಗೆ ಚಳುಕು ಬಂದದ್ದು ಸುಳ್ಳಲ್ಲ.

ಅವ್ವ ನನ್ನ ಗಲ್ಲ ಹಿಡಿದು ಎತ್ತಿದಳು.

"ಹೆದರ್ಬ್ಯಾಡ ಬುಡ್ಲಾ. ಅಷ್ಟೊತ್ತು ಯಾತಕ್ ನೋಡ್ತಿದ್ದೆ ಅಂದ್ಕಂಡೆ? ನನ್ ಪಾಲಿಂದು ಆವಾಗ್ಲೇ ನೋಡಿ ಮುಗ್ದಿತ್ತು. ಆಮೇಲೆ ನೋಡಿದ್ದೆಲ್ಲ ನಿಂದೇ."